ಡಬ್ಬಿ ತಂದಿಟ್ಟರೆ ಸಾಲದು, ಅರ್ಧ ದಿನ ಜೊತೆಗೆ ಕೂರಿ

ನಮ್ಮ ದೊಡ್ಡಮ್ಮನ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹಳೇ ಹಂಚಿನ ಮನೆ, ಹಿಂದೆ ಅಡಿಕೆ ತೋಟ. ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಿದ್ದ ಅಣ್ಣ ಬೆಂಗಳೂರಿಂದ ಒಂದು ಸ್ಮಾರ್ಟ್ ಡಿಸ್‌ಪ್ಲೇ ತಂದುಕೊಟ್ಟ. ಎರಡು ಅಂಗೈ ಅಗಲದ ಪರದೆ, ಹಿಂದೆ ಸ್ಪೀಕರು, ಮೇಲೊಂದು ಪುಟ್ಟ ಕ್ಯಾಮೆರಾ. ಹೆಸರು ಹಿಡಿದು ಕರೆದರೆ ಉತ್ತರ ಕೊಡುತ್ತದೆ, ಹಾಡು ಹಾಕುತ್ತದೆ, ವಿಡಿಯೊ ಕಾಲ್ ಮಾಡುತ್ತದೆ. ಹಬ್ಬದ ಮೂರು ದಿನ ಮನೆ ಮಕ್ಕಳೆಲ್ಲ ಅದರ ಮುಂದೆಯೇ ಕೂತಿದ್ದರು.

ಮೊನ್ನೆ ಹೋದಾಗ ನೋಡಿದೆ. ಟಿವಿ ಪಕ್ಕ ಅದು ಗೋಡೆಗೆ ಮುಖ ಮಾಡಿ ಕೂತಿತ್ತು. ಮೇಲೆ ಕ್ರೋಶಾದ ಬಟ್ಟೆ ಹೊದೆಸಿತ್ತು. ಪ್ಲಗ್ ಕಿತ್ತಿತ್ತು.

"ಎಂತ ದೊಡ್ಡಮ್ಮ, ಹಾಳಾಯ್ತಾ?" ಅಂದೆ.

"ಹಾಳೆಂತದು ಮಾರಾಯ್ತಿ, ಚೆನ್ನಾಗೇ ಇದೆ. ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು."

ಇಂಥ ಡಬ್ಬಿ ಇವತ್ತು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದರೆ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಗಡಿಯಾರ ಬೇರೆ ಇದ್ದೇ ಇದೆ, ಇದು ಎರಡನೇ ಗಡಿಯಾರ. ಇಲ್ಲವಾದರೆ ಷೋಕೇಸಿನ ವಸ್ತು. "ಅಪ್ಪ ಅಮ್ಮನಿಗೆ ಬಳಸೋಕೆ ಬರೋದಿಲ್ಲ, ಏನ್ಮಾಡೋದು" ಅಂತ ಮಕ್ಕಳು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ತಪ್ಪು ಹಿರಿಯರದಲ್ಲ. ನಾವು ಡಬ್ಬಿ ಕೊಟ್ಟೆವು, ಅದರ ಜೊತೆಗೆ ಕೊಡಬೇಕಾಗಿದ್ದ ಅರ್ಧ ದಿನವನ್ನು ಕೊಡಲಿಲ್ಲ. ಜೊತೆಗೆ, ಅವರ ಮನೆಗೆ ಒಂದು ಕ್ಯಾಮೆರಾ ತಂದಿಟ್ಟೆವು, ಅವರನ್ನು ಕೇಳಲಿಲ್ಲ.

ದೊಡ್ಡಮ್ಮ ಪ್ಲಗ್ ಕಿತ್ತಿದ್ದಕ್ಕೆ ಕೊಟ್ಟ ಕಾರಣ ನಾಲ್ಕು. ಒಂದೊಂದಾಗಿ ನೋಡೋಣ.

ಮೊದಲನೆಯದು ಕರೆಂಟು. "ಇಡೀ ದಿನ ಉರೀತದೆ, ಬಿಲ್ ಬಂದ್ರೆ?" ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರದೇ ಒಂದು ಮಿತಿ ಇದೆ, ಅದು ದಾಟಿದರೆ ದುಡ್ಡು ಕಟ್ಟಬೇಕು. ಹಾಗಾಗಿ ಹಳ್ಳಿ ಮನೆಗಳಲ್ಲಿ ಈಗ ಒಂದೊಂದು ಯೂನಿಟ್ಟಿಗೂ ಲೆಕ್ಕ ಇದೆ. ಲೆಕ್ಕ ಹಾಕಿಯೇ ತೋರಿಸಿದೆ. ಸಣ್ಣ ಡಿಸ್‌ಪ್ಲೇಗಳ ಅಡಾಪ್ಟರ್ ಸಾಮಾನ್ಯವಾಗಿ 15 ವ್ಯಾಟಿನ ಆಸುಪಾಸು. ಪೂರ್ತಿ 15 ವ್ಯಾಟ್ 24 ಗಂಟೆ ಎಳೆದರೂ ದಿನಕ್ಕೆ 0.36 ಯೂನಿಟ್, ತಿಂಗಳಿಗೆ ಸುಮಾರು 11 ಯೂನಿಟ್. ಸುಮ್ಮನೆ ಫೋಟೊ ತೋರಿಸುತ್ತ ಕೂತಾಗ ಅಷ್ಟೂ ಎಳೆಯುವುದಿಲ್ಲ. ರಾತ್ರಿ ಆಫ್ ಮಾಡಿದರೆ ಇನ್ನೂ ಕಡಿಮೆ. ದೊಡ್ಡ ಖರ್ಚಲ್ಲ, ಆದರೆ ಸೊನ್ನೆಯೂ ಅಲ್ಲ. ದೊಡ್ಡಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ.

ಎರಡನೆಯದು ಸಿಡಿಲು. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಟಿವಿ, ಮೋಡೆಮ್ಮು ಸುಡದ ಮನೆ ಕಡಿಮೆ. ಫೈಬರ್ ದಾರದಲ್ಲಿ ಸಿಡಿಲು ಹರಿಯುವುದಿಲ್ಲ ನಿಜ, ಆದರೆ ಕರೆಂಟ್ ತಂತಿಯಲ್ಲಿ ಹರಿದು ಬರುತ್ತದೆ. ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳುವುದು ಅಜ್ಞಾನ ಅಲ್ಲ, ಅನುಭವ. ಮಕ್ಕಳು ಮಾಡಬೇಕಾದದ್ದು ಇಷ್ಟೇ: ಪ್ಲಗ್ ಕೈಗೆ ಸಿಗುವ ಎತ್ತರದಲ್ಲಿ ಇರಲಿ. ಮತ್ತೆ ಹಾಕಿದಾಗ ತಂತಾನೇ ವೈಫೈ ಹಿಡಿದುಕೊಂಡು ಮೊದಲಿನ ಹಾಗೆ ನಡೆಯುತ್ತದೆ ಅನ್ನುವುದನ್ನು ಒಮ್ಮೆ ಎದುರಿಗೇ ಕಿತ್ತು, ಹಾಕಿ ತೋರಿಸಬೇಕು. "ಕಿತ್ರೆ ಎಲ್ಲಾ ಅಳಿಸಿ ಹೋಗ್ತದೇನೋ" ಅನ್ನುವ ಹೆದರಿಕೆಯಲ್ಲೇ ಎಷ್ಟೋ ಜನ ಒಮ್ಮೆ ಕಿತ್ತದ್ದನ್ನು ಮತ್ತೆ ಹಾಕುವುದಿಲ್ಲ.

ಇನ್ನೊಂದು ಮಾತು. ಇಂಥ ಬಹುಪಾಲು ಡಿಸ್‌ಪ್ಲೇಗಳ ಒಳಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದರೆ ಕಪ್ಪು. ಇನ್ವರ್ಟರ್ ಇದ್ದರೆ ಆ ಲೈನಿನ ಪ್ಲಗ್ಗಿಗೇ ರೂಟರು, ಡಿಸ್‌ಪ್ಲೇ ಎರಡನ್ನೂ ಹಾಕಿ. ರೂಟರಿಗೆ ಅಂತ ಸಿಗುವ ಪುಟ್ಟ ಯುಪಿಎಸ್‌ಗೆ ಡಿಸ್‌ಪ್ಲೇ ಜೋಡಿಸುವ ಮುಂಚೆ ಎರಡರ ಮೇಲೂ ಬರೆದಿರುವ ವೋಲ್ಟ್ ನೋಡಿ. ಪಿನ್ನು ಹಿಡಿಯಿತು ಅಂತ ಸಿಕ್ಕಿಸಿದರೆ ಸುಟ್ಟೀತು.

ಮೂರನೆಯದು ಭಾಷೆ. ಇದಕ್ಕೆ ಮುಂದೆ ಬರುತ್ತೇನೆ.

ನಾಲ್ಕನೆಯದನ್ನು ದೊಡ್ಡಮ್ಮ ದೊಡ್ಡಪ್ಪನ ಎದುರಿಗೆ ಹೇಳಲಿಲ್ಲ. ಅಡುಗೆಮನೆಗೆ ಹೋದ ಮೇಲೆ ಹೇಳಿದರು. ಒಂದು ಮಧ್ಯಾಹ್ನ ತಲೆಗೆ ಸ್ನಾನ ಮಾಡಿ ಕೂದಲು ಒಣಗಿಸುತ್ತ ಹೊರಗಿನ ಕೋಣೆಯಲ್ಲಿ ಕೂತಿದ್ದರಂತೆ. ಸೆರಗು ಸರಿಯಾಗಿ ಹೊದ್ದಿರಲಿಲ್ಲ. ಇದ್ದಕ್ಕಿದ್ದ ಹಾಗೆ ಡಬ್ಬಿ "ಅಮ್ಮಾ" ಅಂತು. ತಿರುಗಿ ನೋಡಿದರೆ ಪರದೆಯಲ್ಲಿ ಮಗ, ಅವನ ಹಿಂದೆ ಆಫೀಸು, ಆಫೀಸಿನಲ್ಲಿ ಯಾರ್‍ಯಾರೋ. ಫೋನ್ ಎತ್ತಲಿಲ್ಲ ಅಂತ ಗಾಬರಿಯಾಗಿ ಅವನು ನೇರವಾಗಿ ಡಬ್ಬಿಗೆ ಬಂದಿದ್ದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ.

"ಮಗ ಮನೆಗೆ ಬಂದ್ರೂ ಬಾಗಿಲಲ್ಲಿ ಚಪ್ಪಲಿ ಬಿಡೋ ಸದ್ದು ಆಗ್ತದೆ. ಇದಕ್ಕೆ ಅದೂ ಇಲ್ಲ" ಅಂದರು ದೊಡ್ಡಮ್ಮ. ಅವತ್ತೇ ಅದನ್ನು ಗೋಡೆಗೆ ತಿರುಗಿಸಿದ್ದು.

ಕೆಲವು ಡಿಸ್‌ಪ್ಲೇಗಳಲ್ಲಿ ಈ ಸೌಲಭ್ಯ ಇದೆ. ಈ ಕಡೆಯವರು ಕರೆ ಎತ್ತದಿದ್ದರೂ ಆ ಕಡೆಯವರು ನೋಡಬಹುದು, ಮಾತಾಡಬಹುದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಇದರಿಂದ ಉಪಕಾರ ಇರಬಹುದು. ಆದರೆ ಓಡಾಡಿಕೊಂಡಿರುವ ತಂದೆ ತಾಯಿಯ ಮನೆಯಲ್ಲಿ ಅವರನ್ನು ಕೇಳದೆ ಇದನ್ನು ಹಾಕಿಡುವುದು ಸರಿಯಲ್ಲ. "ಅವರ ಒಳ್ಳೇದಕ್ಕೇ ಅಲ್ವಾ" ಅನ್ನುತ್ತೀರಿ. ನಿಮ್ಮ ಬೆಂಗಳೂರಿನ ಮನೆಯ ಹಾಲಿನಲ್ಲಿ ಇಂಥದ್ದೊಂದು ಇಟ್ಟು, ಅಮ್ಮ ಊರಿಂದ ಯಾವಾಗ ಬೇಕಾದರೂ ಇಣುಕಬಹುದು ಅಂತ ಮಾಡಿಕೊಡುತ್ತೀರಾ? ಹಾಗಾದರೆ ಅವರಿಗೂ ಬೇಡ.

ಈ ಸೌಲಭ್ಯವನ್ನು ಆ್ಯಪ್‌ನಲ್ಲಿ ಆಫ್ ಮಾಡಬಹುದು. ಹಲವು ಡಿಸ್‌ಪ್ಲೇಗಳಲ್ಲಿ ಕ್ಯಾಮೆರಾ ಮೇಲೆ ಎಳೆಯುವ ಪುಟ್ಟ ಮುಚ್ಚಳ ಇದೆ, ಮೈಕ್ ಬಂದ್ ಮಾಡುವ ಬಟನ್ ಇದೆ. ಗೂಗಲ್‌ನ ಏಳು ಇಂಚಿನ ನೆಸ್ಟ್ ಹಬ್‌ನಲ್ಲಿ ಕ್ಯಾಮೆರಾನೇ ಇಲ್ಲ. ಮುಚ್ಚಳ ಎಲ್ಲಿದೆ, ಹೇಗೆ ಎಳೆಯುವುದು ಅಂತ ದೊಡ್ಡಮ್ಮನಿಗೆ ಎರಡು ವರ್ಷದಲ್ಲಿ ಯಾರೂ ತೋರಿಸಿರಲಿಲ್ಲ. ತೋರಿಸಿದ್ದಿದ್ದರೆ ಇಡೀ ಡಬ್ಬಿಯನ್ನೇ ತಿರುಗಿಸಬೇಕಾಗಿರಲಿಲ್ಲ.

ಖಾತೆಯ ವಿಷಯವೂ ಇದೆ. ಡಬ್ಬಿ ಯಾರ ಖಾತೆಯಲ್ಲಿ ನಡೆಯುತ್ತದೋ ಬೀಗದ ಕೈ ಅವರ ಹತ್ತಿರ. ಅದಕ್ಕೆ ಏನೇನು ಕೇಳಿದರು ಅನ್ನುವುದು ಅವರ ಫೋನಿನ ಆ್ಯಪ್‌ನಲ್ಲಿ ಕಾಣುತ್ತದೆ, ಅಲ್ಲಿಂದಲೇ ಅಳಿಸಬಹುದು. ಮಗನ ಖಾತೆ ಆದರೆ "ನೀವು ಕೇಳಿದ್ದು ನನಗೆ ಕಾಣ್ತದೆ" ಅಂತ ಮೊದಲೇ ಹೇಳಿಬಿಡಿ. ಮಾತಿನಲ್ಲೇ ಸಾಮಾನು ಕೊಳ್ಳುವ ಸೌಲಭ್ಯ ಇದ್ದರೆ ಅದನ್ನೂ ಆಫ್ ಮಾಡಿ.

ಇಷ್ಟಾದ ಮೇಲೆ, ಇದರಿಂದ ದಿನನಿತ್ಯ ಏನು ಉಪಯೋಗ ಪಡೆಯಬಹುದು ಅನ್ನುವುದಕ್ಕೆ ಬರೋಣ. ಅವತ್ತು ದೊಡ್ಡಮ್ಮ ಒಪ್ಪಿದ ಮೇಲೆ ಅಣ್ಣನಿಗೆ ಫೋನ್ ಹಚ್ಚಿಟ್ಟುಕೊಂಡು ಮಧ್ಯಾಹ್ನ ಊಟದಿಂದ ಸಂಜೆ ಕಾಫಿವರೆಗೆ ಕೂತೆವು. ಜಾಹೀರಾತಿನಲ್ಲಿ ತೋರಿಸುವ ಹಾಗೆ "ಏನು ಬೇಕಾದರೂ ಕೇಳಿ" ಅನ್ನುವುದನ್ನು ಮೊದಲು ಬಿಟ್ಟೆವು. ಹಳ್ಳಿ ಮನೆಯಲ್ಲಿ ಯಾರಿಗೂ ಏನು ಬೇಕಾದರೂ ಕೇಳುವ ಪುರುಸೊತ್ತಿಲ್ಲ. ಡಬ್ಬಿಗೆ ಕೆಲಸದಾಳಿಗೆ ಹೇಳುವ ಹಾಗೆ ಇಂತಿಷ್ಟೇ ಕೆಲಸ ಅಂತ ಗೊತ್ತು ಮಾಡಿದೆವು.

ಮೊದಲ ಕೆಲಸ ಹಾಡು. ಆದರೆ ಕೇಳಿದಾಗ ಹಾಕುವ ಹಾಡಲ್ಲ, ಹೊತ್ತಿಗೆ ಸರಿಯಾಗಿ ತಾನೇ ಬರುವ ಹಾಡು. ಆ್ಯಪ್‌ನಲ್ಲಿ "ರೊಟೀನ್" ಅಂತ ಇರುತ್ತದೆ. ಇಂಥ ಹೊತ್ತಿಗೆ ಇಂಥ ಕೆಲಸ ಅಂತ ಒಮ್ಮೆ ಬರೆದಿಟ್ಟರೆ ದಿನಾ ನಡೆಯುತ್ತದೆ. ಬೆಳಿಗ್ಗೆ ಆರಕ್ಕೆ ಸುಪ್ರಭಾತ. ರಾತ್ರಿ ಎಂಟಕ್ಕೆ ಒಂದು ದಾಸರ ಪದ, ಅದು ದೊಡ್ಡಪ್ಪನ ಬಿ.ಪಿ. ಮಾತ್ರೆಯ ಗಂಟೆ. ಶಾಲೆಯ ಗಂಟೆ ಕೇಳಿದರೆ ಮಕ್ಕಳಿಗೆ ಯಾರೂ ಅರ್ಥ ಹೇಳಬೇಕಾಗಿಲ್ಲ, ಹಾಗೆ. ಇಂಗ್ಲಿಷ್ ಧ್ವನಿಯಲ್ಲಿ "ಟೇಕ್ ಯುವರ್ ಮೆಡಿಸಿನ್" ಅಂದರೆ ದೊಡ್ಡಪ್ಪ ಕಿವಿ ಕೊಡುವುದಿಲ್ಲ. ಪದ ಶುರುವಾದರೆ ಮಾತ್ರೆ ಡಬ್ಬಿಗೆ ಕೈ ಹೋಗುತ್ತದೆ. ಒಂದು ಎಚ್ಚರಿಕೆ: ಹಾಡಿನ ಉಚಿತ ಚಂದಾದಲ್ಲಿ ಕೇಳಿದ ಹಾಡೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಿದ್ದರೆ ಆ ಹೊತ್ತಿಗೆ ಬರೀ ಅಲಾರಂ ಇಡಿ. ಕರೆಂಟೋ ನೆಟ್‌ವರ್ಕೋ ಇಲ್ಲದ ದಿನ ಹಾಡೂ ಇಲ್ಲ, ಆದ್ದರಿಂದ ಮಾತ್ರೆಯ ಲೆಕ್ಕವನ್ನು ಪೂರ್ತಿ ಅದರ ಮೇಲೆ ಬಿಡಬೇಡಿ.

ಎರಡನೆಯದು ಟೈಮರ್. ಹೊಡೆದರೆ ಕೂಗುವ ಗಡಿಯಾರ, ಅಷ್ಟೇ. ಆದರೆ ಒಲೆ ಮೇಲೆ ಹಾಲಿಟ್ಟು ಕೊಟ್ಟಿಗೆಗೆ ಹೋಗುವವರಿಗೆ ಅದು ದೊಡ್ಡದು. "ಟೆನ್ ಮಿನಿಟ್ಸ್ ಟೈಮರ್" ಅನ್ನಲು ಇಂಗ್ಲಿಷ್ ಓದಿರಬೇಕಾಗಿಲ್ಲ. ಟೆನ್ನು, ಮಿನಿಟ್ಟು ನಮ್ಮ ಬಾಯಲ್ಲಿ ಆಗಲೇ ಇವೆ. ಮೊಟ್ಟಮೊದಲು ಕಲಿಸಬೇಕಾದ ಮಾತು ಮಾತ್ರ "ಸ್ಟಾಪ್". ಬಸ್ಸಿನಲ್ಲಿ ದಿನಾ ಹೇಳುವ ಮಾತೇ. ನಿಲ್ಲಿಸಲು ಬರುತ್ತದೆ ಅಂತ ಗೊತ್ತಾದರೆ ಶುರು ಮಾಡಲು ಯಾರೂ ಹೆದರುವುದಿಲ್ಲ.

ಮೂರನೆಯದು ಕರೆ. ರಾತ್ರಿ ಎಂಟೂವರೆಗೆ ಅಣ್ಣ ಕರೆ ಮಾಡುವುದು, ಇವರು ಪರದೆ ಮುಟ್ಟಿ ಎತ್ತುವುದು ಅಂತ ಮಾತಾಯಿತು. ಕೈಯಲ್ಲಿ ಫೋನ್ ಹಿಡಿದು ವಿಡಿಯೊ ಕಾಲ್ ಮಾಡಿದರೆ ದೊಡ್ಡಪ್ಪನ ಕಿವಿ ಮಾತ್ರ ಕಾಣುತ್ತಿತ್ತು. ಡಬ್ಬಿ ಮೇಜಿನ ಮೇಲೆ ನಿಂತಿರುವುದರಿಂದ ಇಬ್ಬರೂ ಕೂತು, ಬಟಾಣಿ ಬಿಡಿಸುತ್ತಲೋ ಎಲೆ ಅಡಿಕೆ ಹಾಕುತ್ತಲೋ ಮಾತಾಡಬಹುದು. ಇದರಲ್ಲಿ ಡಬ್ಬಿಗಿಂತ ಹೊತ್ತು ಮುಖ್ಯ. ಹೊತ್ತು ಗೊತ್ತಿದ್ದರೆ ದೊಡ್ಡಮ್ಮ ಸೀರೆ ಸರಿ ಮಾಡಿಕೊಂಡು ಕೂರುತ್ತಾರೆ, ಮುಚ್ಚಳ ಅವರೇ ತೆಗೆಯುತ್ತಾರೆ.

ನಾಲ್ಕನೆಯದನ್ನು ಹೇಳಿದರೆ ನಗಬೇಡಿ, ನನಗೆ ಎಲ್ಲಕ್ಕಿಂತ ಉಪಯೋಗದ್ದು ಅನ್ನಿಸಿದ್ದು ಅದೇ. ಡಿಸ್‌ಪ್ಲೇ ಸುಮ್ಮನಿದ್ದಾಗ ಫೋಟೊ ತೋರಿಸುತ್ತದೆ. ಯಾವ ಆಲ್ಬಮ್ಮಿನ ಫೋಟೊ ಅಂತ ಆ್ಯಪ್‌ನಲ್ಲಿ ನಾವು ಆರಿಸಬಹುದು. ಆ ಆಲ್ಬಮ್ಮಿಗೆ ಬೆಂಗಳೂರಿನಿಂದ ಫೋಟೊ ಹಾಕಿದರೆ ಇಲ್ಲಿ ಕಾಣುತ್ತದೆ. ಫೋಟೊ ಅಂದರೆ ಮುಖವೇ ಆಗಬೇಕು ಅಂತಿಲ್ಲವಲ್ಲ? ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ಅದರ ಫೋಟೊ ತೆಗೆದು ಹಾಕಿದೆವು. ಯಾವ ಮಾತ್ರೆ ಯಾವಾಗ. ಲೈನ್‌ಮನ್ ನಂಬರು. ಪಕ್ಕದ ಮನೆಯವರ ನಂಬರು. ಆಂಬುಲೆನ್ಸಿಗೆ 108, ತುರ್ತಿಗೆ 112. ಶಿವಮೊಗ್ಗದ ಡಾಕ್ಟರ ಹತ್ತಿರ ಮತ್ತೆ ಹೋಗಬೇಕಾದ ತಾರೀಕು. ಡಬ್ಬಿಗೆ ಕನ್ನಡ ಬರುವುದಿಲ್ಲ, ಆದರೆ ಕನ್ನಡದ ಚಿತ್ರ ತೋರಿಸಲು ಅದಕ್ಕೆ ಕನ್ನಡ ಬರಬೇಕಾಗಿಲ್ಲ.

ಆ ನಂಬರುಗಳ ಬಗ್ಗೆ ಒಂದು ಮಾತು. ಬಿದ್ದರೆ, ಎದೆನೋವು ಬಂದರೆ ಡಬ್ಬಿಯನ್ನು ಕೂಗಿದರೆ 112ಕ್ಕೆ ಕರೆ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಅದಕ್ಕೆ ಫೋನೇ ಬೇಕು, ಪಕ್ಕದ ಮನೆಯವರೇ ಬೇಕು.

ಐದನೆಯದು ಮಳೆ. ಅಡಿಕೆ ಒಣಗಿಸುವವರಿಗೂ ತೋಟಕ್ಕೆ ಬೋರ್ಡೋ ಹೊಡೆಸುವವರಿಗೂ ನಾಳೆ ಮಳೆಯೋ ಬಿಸಿಲೋ ಗೊತ್ತಾಗಬೇಕು. ಡಿಸ್‌ಪ್ಲೇ ತೋರಿಸುವ ಮೋಡದ ಚಿತ್ರವನ್ನು ಒಂದು ಅಂದಾಜು ಅಂತ ಮಾತ್ರ ನೋಡಿ. ಆಗುಂಬೆ ಘಟ್ಟದ ಈ ಕಡೆ ಸುರಿಯುವಾಗ ತೀರ್ಥಹಳ್ಳಿ ಪೇಟೆಯಲ್ಲಿ ಬಿಸಿಲಿರುವುದು ನಮಗೆಲ್ಲ ಗೊತ್ತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಡೆಸುವ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಿದರೆ ಕನ್ನಡದಲ್ಲೇ ಹೇಳುತ್ತಾರೆ. ಔಷಧಿ ಹೊಡೆಸುವ ಆಳಿಗೆ ಹೇಳುವ ಮುಂಚೆ ಅದನ್ನೇ ಕೇಳಿ.

ಇಷ್ಟೇ. ಐದು ಕೆಲಸ. ಇದಕ್ಕೆ ಹೊಸ ಡಬ್ಬಿಯೇ ಬೇಕು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಇದ್ದರೆ ದೂಳು ಒರೆಸಿ. ಇಲ್ಲದಿದ್ದರೆ ಕೊಳ್ಳಬೇಡಿ. ಮಕ್ಕಳು ಬಿಟ್ಟ ಹಳೇ ಟ್ಯಾಬ್ ಅಥವಾ ದೊಡ್ಡ ಪರದೆಯ ಹಳೇ ಫೋನನ್ನು ಒಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಅಲಾರಂ, ಕರೆ, ಫೋಟೊ, ರೇಡಿಯೊ ಎಲ್ಲ ಅದರಲ್ಲೇ ಆಗುತ್ತದೆ. ಜೊತೆಗೆ ಅದರಲ್ಲಿ ಬ್ಯಾಟರಿಯೂ ಇದೆ.

ಈಗ ಭಾಷೆಯ ಮಾತು. ನನ್ನ ಸಿಟ್ಟು ಇರುವುದು ಇಲ್ಲಿ. ಅಲೆಕ್ಸಾ ನಮ್ಮ ದೇಶಕ್ಕೆ 2017ರಲ್ಲಿ ಇಂಗ್ಲಿಷ್ ಹಿಡಿದುಕೊಂಡು ಬಂತು. 2019ರಲ್ಲಿ ಹಿಂದಿ ಕಲಿಯಿತು. ಗೂಗಲ್‌ನ ಡಿಸ್‌ಪ್ಲೇಯೂ ಇಲ್ಲಿ ಆಡುವುದು ಇಂಗ್ಲಿಷ್, ಹಿಂದಿ. ಕನ್ನಡದ ಹಾಡು ಕೇಳಿದರೆ ಹಾಕುತ್ತವೆ, ಕನ್ನಡದಲ್ಲಿ ಕೇಳಿದರೆ ಮಾತ್ರ ಅರ್ಥವಾಗುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು 4.37 ಕೋಟಿ. ಇಷ್ಟು ಜನರ ಭಾಷೆ ಇವಕ್ಕೆ ಇನ್ನೂ ಹೊರಗಿನದು.

ಕನ್ನಡ ಕಲಿಸಲು ಆಗುವುದಿಲ್ಲ ಅನ್ನುವ ಕಾಲ ಹೋಯಿತು. ಗೂಗಲ್‌ನ ಜೆಮಿನಿ ಆ್ಯಪ್ 2024ರಲ್ಲಿ ಫೋನಿಗೆ ಬಂದಾಗ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಇತ್ತು. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ವಾಣಿ ಅನ್ನುವ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಸಂಗ್ರಹಿಸುತ್ತಿದ್ದಾರೆ. ಅಂದರೆ ದಾರಿ ಇದೆ. ಬೇಕು ಅಂತ ಕೇಳುವವರು ನಾವು ಕಡಿಮೆ. ನಾವು ಏನು ಮಾಡುತ್ತೇವೆ? ಅಮ್ಮನಿಗೆ "ಪ್ಲೇ", "ಕಾಲ್" ಅಂತ ಉಚ್ಚಾರಣೆ ತಿದ್ದುತ್ತೇವೆ. ಅರವತ್ತೆಂಟು ವರ್ಷದ ಹೆಂಗಸಿನ ನಾಲಿಗೆ ತಿದ್ದುವ ಬದಲು ಡಬ್ಬಿಯ ಕಿವಿ ತಿದ್ದಿ ಅಂತ ಕಂಪನಿಗೆ ಹೇಳಬೇಕು. ಆ ಆ್ಯಪ್‌ಗಳಲ್ಲಿ ಅಭಿಪ್ರಾಯ ಬರೆಯುವ ಜಾಗ ಇದೆ. ಅಲ್ಲಿ ಕನ್ನಡದಲ್ಲೇ ಬರೆಯಿರಿ. ಅಂಗಡಿಯಲ್ಲಿ ಕೊಳ್ಳುವ ಮುಂಚೆ "ಇದಕ್ಕೆ ಕನ್ನಡ ಬರ್ತದಾ?" ಅಂತ ಕೇಳಿ, ಬರೋದಿಲ್ಲ ಅಂದರೆ ವಾಪಸ್ ಬನ್ನಿ. ಅದೂ ಒಂದು ಅಭಿಪ್ರಾಯವೇ.

ಇನ್ನು ಕೆಲವರು ಹೇಳುತ್ತಾರೆ: ಮಕ್ಕಳು ಬಂದು ಹೋಗಿ ಮಾಡುವ ಬದಲು ಯಂತ್ರ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ, ಇಂಥದ್ದಕ್ಕೆ ನೀವೂ ಸೇರುವುದಾ? ಈ ಮಾತಿನಲ್ಲಿ ಸತ್ಯ ಇದೆ. ಡಬ್ಬಿ ಗಂಜಿ ಕಾಯಿಸಿ ಕೊಡುವುದಿಲ್ಲ. ಆಸ್ಪತ್ರೆಗೆ ಜೊತೆಗೆ ಬರುವುದಿಲ್ಲ. ಆದರೆ ನಮ್ಮೂರಿಗೆ ಬೆಂಗಳೂರಿನಿಂದ ಇಡೀ ರಾತ್ರಿಯ ಪ್ರಯಾಣ. ತಿಂಗಳಿಗೊಮ್ಮೆ ಬರುವ ಮಗ ಉಳಿದ ದಿನ ಹೇಗಾದರೂ ದೂರವೇ ಇರುತ್ತಾನೆ. ಆ ದಿನಗಳಲ್ಲಿ ಗೋಡೆ ನೋಡುವ ಡಬ್ಬಿಗಿಂತ ಒಳಗೆ ನೋಡುವ ಡಬ್ಬಿ ಮೇಲು, ಮುಚ್ಚಳ ಅವರ ಕೈಯಲ್ಲಿ ಇರುವ ತನಕ.

ಕಳೆದ ವಾರ ದೊಡ್ಡಮ್ಮನೇ ಫೋನ್ ಮಾಡಿದ್ದರು. ಅಣ್ಣನ ಮಗಳು ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾಳೆ, ಬರೆಯಲು ತಡವರಿಸುತ್ತಾಳೆ. ಫೋಟೊದಲ್ಲಿ ಕನ್ನಡ ಬರೆದು ಹಾಕುವ ಉಪಾಯ ಅವಳಿಗೆ ಹಿಡಿಸಿದೆ. ಅವತ್ತು ಬೆಳಿಗ್ಗೆ ಬಿ.ಪಿ. ಮಾತ್ರೆಯ ಪಟ್ಟಿಗೂ ಲೈನ್‌ಮನ್ ನಂಬರಿಗೂ ನಡುವೆ ಒಂದು ಹೊಸ ಹಾಳೆ ಬಂತಂತೆ. "ಅಜ್ಜಿ ನಿಮ್ಮ ಕರು ಹೇಗಿದೆ". ಕೊಂಬು, ಒತ್ತು ಎಲ್ಲ ಹೆಚ್ಚುಕಮ್ಮಿ.

"ಉತ್ತರ ಹ್ಯಾಗೆ ಕಳ್ಸೋದು ಹೇಳು" ಅಂತ ಕೇಳಲು ದೊಡ್ಡಮ್ಮ ಫೋನ್ ಮಾಡಿದ್ದು. ಹಾಳೆಯಲ್ಲಿ ಬರೆದು ಫೋಟೊ ತೆಗೆದು ವಾಟ್ಸಾಪ್ ಮಾಡಿ ಅಂದೆ. ಕರುವಿನ ಫೋಟೊನೂ ಕಳಿಸುತ್ತಾರಂತೆ.

ದೀಪಾವಳಿಗೋ ಗೌರಿ ಹಬ್ಬಕ್ಕೋ ಊರಿಗೆ ಹೋಗುವವರು ಇದ್ದೀರಿ. ಹೊಸದೇನೂ ಒಯ್ಯಬೇಡಿ. ಒಂದು ಮಧ್ಯಾಹ್ನ ಕೂತು, ಮನೆಯಲ್ಲಿ ಇರುವ ಡಬ್ಬಿಯ ಮುಖ ಯಾವ ಕಡೆಗಿದೆ ನೋಡಿ. ಗೋಡೆಗಿದ್ದರೆ ಯಾಕೆ ಅಂತ ಕೇಳಿ. ಕೇಳಿ ಆದ ಮೇಲೆ ತಿರುಗಿಸಿ.